ನಿಮ್ಮ ನೆರಳಲ್ಲಿ ಬೆಳೆದೆ ಅಂದಿದ್ದೇ ತಪ್ಪಾಯ್ತು

ಅಮೆರಿಕದ ಫೀನಿಕ್ಸ್‌ಗೆ ಬಂದು ಹನ್ನೊಂದು ವರ್ಷ ಆಯ್ತು, ಇಂಗ್ಲಿಷ್ ಚೆನ್ನಾಗೇ ಬರುತ್ತೆ ಅನ್ಕೊಂಡಿದ್ದೆ. ಹೋದ ವರ್ಷ ನಮ್ಮ ಮ್ಯಾನೇಜರ್ ರಿಟೈರ್ ಆದಾಗ ಎಲ್ರೂ ಕಾರ್ಡಲ್ಲಿ ಎರಡು ಸಾಲು ಬರೀಬೇಕಿತ್ತು, ನಾನು ಭಾರಿ ಪ್ರೀತಿಯಿಂದ ‘ಇಷ್ಟು ವರ್ಷ ನಿಮ್ಮ ಶ್ಯಾಡೋದಲ್ಲಿ ಬೆಳೆದೆ’ ಅಂತ ಬರೆದೆ. ಆಯಮ್ಮ ಓದಿ ಮುಖ ಸಣ್ಣಗೆ ಮಾಡ್ಕೊಂಡು, ನಿಂಗೆ ಮುಂದೆ ಬರೋಕೆ ನಾನು ಬಿಡ್ಲೇ ಇಲ್ವಾ ಅಂತ ಕೇಳಿದ್ರು. ನಂಗೆ ತಲೆಬುಡ ಗೊತ್ತಾಗ್ಲಿಲ್ಲ.

ನಮ್ಮಲ್ಲಿ ಅಪ್ಪನ ನೆರಳಲ್ಲಿ ಬೆಳೆದೋನು ಅಂದ್ರೆ ಬಿಸಿಲು ತಾಗದ ಹಾಗೆ ಬೆಳೆದೋನು. ಇವರಲ್ಲಿ ಇನ್ನೊಬ್ಬರ ಶ್ಯಾಡೋದಲ್ಲಿ ಇದ್ದೆ ಅಂದ್ರೆ ಅವರ ಹೆಸರಿನ ಮುಂದೆ ನನ್ನ ಹೆಸರೇ ಕಾಣ್ಲಿಲ್ಲ ಅಂತ. ಹೋಗ್ಲಿ ಶೇಡ್ ಅಂತ ಬರೆದಿದ್ರೆ? ಅದೂ ಆಗಲ್ಲ, ಅದು ಮರದ ಕೆಳಗೆ ಕೂರೋ ತಂಪು, ಮನುಷ್ಯರಿಗೆ ಹೇಳೋದಲ್ಲ, ಶೇಡ್ ಎಸೆಯೋದು ಅಂದ್ರಂತೂ ಈಗಿನ ಹುಡುಗರ ಬಾಯಲ್ಲಿ ಕೊಂಕು ಮಾತಾಡೋದು!

ಮಜಾ ಅಂದ್ರೆ ಎರಡೂ ಮೂಲದಲ್ಲಿ ಒಂದೇ ಪದ. ಹಳೇ ಇಂಗ್ಲಿಷಲ್ಲಿ ಬರೀ ಪದವಾಗಿ ನಿಂತಿದ್ದು ಶೇಡ್ ಆಯ್ತು, ವಿಭಕ್ತಿ ಹತ್ತಿದ ರೂಪ ಶ್ಯಾಡೋ ಆಯ್ತು, ನಮ್ಮ ‘ನೆರಳು’ ಒಂದು ಪದ ‘ನೆರಳಿನ’ ಇನ್ನೊಂದು ಪದ ಆಗ್ಬಿಟ್ಟ ಹಾಗೆ. ಆಮೇಲೆ ಆಕಾರ ಇರೋದು ಶ್ಯಾಡೋ ಪಾಲಿಗೆ ಹೋಯ್ತು, ತಂಪು ಶೇಡ್ ಪಾಲಿಗೆ.

ಆದ್ರೆ ಈ ಊರಿನ ಬಿಸಿಲಲ್ಲಿ ಆ ಪಾಲೂ ನಿಲ್ಲಲ್ಲ. 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ 43ರ ಮೇಲೆ. ಬಸ್ ಸ್ಟಾಪಲ್ಲಿ ಮರ ಇರಲ್ಲ, ಲೈಟ್ ಕಂಬದ್ದು ಗೀಟು ಎಳೆದ ಹಾಗೆ ಒಂದು ನೆರಳು, ಅದರ ಮೇಲೇ ಜನ ಒಬ್ಬರ ಹಿಂದೊಬ್ಬರು ನಿಂತಿರ್ತಾರೆ, ಸೂರ್ಯ ಸರಿದ ಹಾಗೆ ಸಾಲೂ ಸರಿಯುತ್ತೆ. ಅದನ್ನ ಶ್ಯಾಡೋ ಅನ್ಬೇಕೋ ಶೇಡ್ ಅನ್ಬೇಕೋ ಹೇಳಿ? ನಂಗಂತೂ ನೆರಳು ಅಂದ್ರೇನೇ ಸರಿ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಅಲ್ಲಿ ನೆರಳು ಅನ್ನೋದು ಪ್ರತಿ ವರ್ಷದ ಖರ್ಚು, ಮಳೆಗಾಲಕ್ಕೆ ಮುಂಚೆ ಮರ ಹತ್ತಿಸಿ ಕೊಂಬೆ ಕಡಿಸ್ಬೇಕು, ಅರೇಬಿಕಾಕ್ಕೆ ಜಾಸ್ತಿ ಬಿಡ್ಬೇಕು ರೋಬಸ್ಟಾಕ್ಕೆ ಕಮ್ಮಿ, ದಟ್ಟ ಆಯ್ತೋ ಫಸಲು ಕಮ್ಮಿ. ಮೊನ್ನೆ ಫೋನಲ್ಲಿ ಅಪ್ಪ ‘ನೆರಳು ತೆಗೆಸ್ತಾ ಇದೀನಿ ಕಣೋ, ಆಳೇ ಸಿಗ್ತಿಲ್ಲ’ ಅಂದ್ರು. ಪಕ್ಕದಲ್ಲಿ ಕೇಳಿಸ್ಕೊಳ್ತಿದ್ದ ಮಗಳು, ಇಲ್ಲೇ ಹುಟ್ಟಿದೋಳು, ಗಾಬರಿಯಾಗಿ ‘ಯಾರ ಶ್ಯಾಡೋನ ತಾತ?’ ಅಂದ್ಳು.