ಸ್ಟಾರ್ಟ್ ಆದ ಮಾತ್ರಕ್ಕೆ ಟೈಮಿಂಗ್ ಸರಿ ಇದೆ ಅನ್ನಬೇಡಿ

"ಸ್ಟಾರ್ಟ್ ಆಯ್ತಲ್ಲ, ಐಡಲ್ ನಿಂತಿದೆಯಲ್ಲ, ಇನ್ನೇನು ಬೇಕು?" ಕ್ರ್ಯಾಂಕ್ ಎಷ್ಟು ತಿರುಗಿದೆ ಅಂತ ಸೆನ್ಸರಿಗೆ ತೋರಿಸೋ ಹೊಸ ಟ್ರಿಗರ್ ವೀಲ್ (ಹಲ್ಲಿನ ಚಕ್ರ) ಕೂರಿಸಿ ಕೈ ಒರೆಸಿಕೊಳ್ಳುತ್ತಾ ಹೇಳೋ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರೋ ಕ್ಷಣ, ಐದಾರು ಡಿಗ್ರಿ ಆಚೀಚೆ ಇದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತೆ ರೀ. ಐಡಲ್‌ನಲ್ಲೂ ನಿಲ್ಲುತ್ತೆ. ಏಟು ಬೀಳೋದು ಆಮೇಲೆ, ಪೂರ್ತಿ ಥ್ರಾಟಲ್ ಕೊಟ್ಟು ಲೋಡ್ ಹಾಕಿದಾಗ. ಆಗ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಒಡೆಯುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಬೈಗುಳ ಮಾತ್ರ ಪೆಟ್ರೋಲಿಗೆ.

36-1 ವೀಲ್ ಅಂದರೆ 36 ಹಲ್ಲಿನ ಜಾಗದಲ್ಲಿ ಒಂದನ್ನು ಬಿಟ್ಟಿರೋ ಚಕ್ರ. ಒಂದು ಹಲ್ಲಿಂದ ಇನ್ನೊಂದಕ್ಕೆ 10 ಡಿಗ್ರಿ. 60-2 ಆದರೆ 6 ಡಿಗ್ರಿ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಪಿಸ್ಟನ್ ಕಾಣಲ್ಲ, ಆ ಖಾಲಿ ಜಾಗ ಮಾತ್ರ ಕಾಣೋದು. ಖಾಲಿ ಜಾಗ ದಾಟಿದ ಮೇಲೆ ಇಷ್ಟು ಡಿಗ್ರಿಗೆ ಒಂದನೇ ಸಿಲಿಂಡರಿನ ಪಿಸ್ಟನ್ ಟಿಡಿಸಿಗೆ, ಅಂದರೆ ತೀರಾ ಮೇಲಿನ ತುದಿಗೆ, ಬರುತ್ತೆ ಅಂತ ನಾವು ಒಂದು ಸಂಖ್ಯೆ ಕೊಡಬೇಕು. ಅದೇ ಟ್ರಿಗರ್ ಆಫ್‌ಸೆಟ್. ವೀಲ್ ಹೊಸದು, ಬ್ರಾಕೆಟ್ ಹೊಸದು, ಸೆನ್ಸರ್ ಕೂತ ಕೋನ ಹೊಸದು. ಆಫ್‌ಸೆಟ್ ಮಾತ್ರ ಹಳೇ ಫೈಲಿನದ್ದು! ಇಲ್ಲಾಂದ್ರೆ ಇನ್ಯಾವುದೋ ಗಾಡಿಯ ಫೈಲಿಂದ ಎತ್ತಿದ್ದು. 150 ಮಿ.ಮೀ ವ್ಯಾಸದ ವೀಲಿನ ಅಂಚಿನಲ್ಲಿ 1 ಡಿಗ್ರಿ ಅಂದರೆ ಬರೀ 1.3 ಮಿ.ಮೀ. ಬ್ರಾಕೆಟ್ 4 ಮಿ.ಮೀ ಸರಿದರೆ 3 ಡಿಗ್ರಿ ಹೋಯ್ತು. ಇದನ್ನ ಕಣ್ಣಂದಾಜಿನಲ್ಲಿ ಹಿಡೀತೀನಿ ಅನ್ನೋ ಧೈರ್ಯ ಎಲ್ಲಿಂದ ಬರುತ್ತೋ.

ಆಫ್‌ಸೆಟ್ 6 ಡಿಗ್ರಿ ತಪ್ಪಿದ್ದರೆ ಲ್ಯಾಪ್‌ಟಾಪ್ ಪರದೆ ಟಿಡಿಸಿಗಿಂತ 28 ಡಿಗ್ರಿ ಮುಂಚೆ ಅಂತ ತೋರಿಸ್ತಾ ಇರುತ್ತೆ, ಸಿಲಿಂಡರ್ ಒಳಗೆ ಕಿಡಿ 34ಕ್ಕೆ ಹಾರ್ತಾ ಇರುತ್ತೆ. ಪರದೆ ಮೇಲಿರೋದು ಇಸಿಯು ಕೊಟ್ಟ ಆಜ್ಞೆ, ಅಳತೆ ಅಲ್ಲ. ಆ ತಪ್ಪು ಸಂಖ್ಯೆ ಮೇಲೆ ಕೂತು ಗಂಟೆಗಟ್ಟಲೆ ಮ್ಯಾಪ್ (ಯಾವ ವೇಗಕ್ಕೆ, ಲೋಡಿಗೆ ಎಷ್ಟು ಡಿಗ್ರಿ ಅನ್ನೋ ಪಟ್ಟಿ) ತಿದ್ದೋರನ್ನ ಕಂಡರೆ ಹೊಟ್ಟೆ ಉರಿಯುತ್ತೆ. ಬುನಾದಿ ಸೊಟ್ಟಗಿಟ್ಟು ಗೋಡೆಗೆ ತೂಕದಗುಂಡು ಹಿಡಿಯೋ ಕೆಲಸ ಅದು.

ಮೊದಲ ಹೆಜ್ಜೆ ಟಿಡಿಸಿ. ಇಲ್ಲೇ ಅರ್ಧ ಜನ ಎಡವೋದು. ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ಇಳಿಬಿಟ್ಟು, ಅದು ಮೇಲೆ ಬಂದು ನಿಂತ ಜಾಗವೇ ಟಿಡಿಸಿ ಅಂತಾರೆ. 86 ಮಿ.ಮೀ ಸ್ಟ್ರೋಕ್ ಇರೋ ಎಂಜಿನ್‌ನಲ್ಲಿ ಕ್ರ್ಯಾಂಕ್ ಟಿಡಿಸಿಯಿಂದ 5 ಡಿಗ್ರಿ ಸರಿದರೂ ಪಿಸ್ಟನ್ ಇಳಿಯೋದು ಸುಮಾರು 0.2 ಮಿ.ಮೀ. ಅಲ್ಲಾಡೋ ಸ್ಕ್ರೂಡ್ರೈವರ್ ಆ 0.2 ಹೇಗೆ ತೋರಿಸೀತು? ಪಿಸ್ಟನ್ ಸ್ಟಾಪ್ ಬಳಸಿ, ಪ್ಲಗ್ ತೂತಿಗೆ ಕೂತು ಪಿಸ್ಟನ್ನನ್ನ ತಡೆಯೋ ಬೋಲ್ಟ್ ಅದು. ಬ್ಯಾಟರಿ ಟರ್ಮಿನಲ್ ಕಳಚಿ, ಎಲ್ಲಾ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿಗೆ ಸ್ಟಾಪ್ ತಿರುಗಿಸಿ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಪಿಸ್ಟನ್ ಮೆತ್ತಗೆ ತಾಗೋವರೆಗೆ ಒಂದು ಕಡೆ ತಿರುಗಿಸಿ, ಪುಲ್ಲಿ ಮೇಲೆ ಗೆರೆ ಹಾಕಿ. ಈಗ ಇನ್ನೊಂದು ಕಡೆಯಿಂದ ತಂದು ತಾಗಿಸಿ, ಮತ್ತೊಂದು ಗೆರೆ. ಎರಡೂ ಗೆರೆಗಳ ನಟ್ಟನಡುವೆ ಟಿಡಿಸಿ. ಸ್ಟಾಪ್ ಇರುವಾಗ ಅಪ್ಪಿತಪ್ಪಿಯೂ ಸ್ಟಾರ್ಟರ್ ಮುಟ್ಟಬಾರದು, ಪಿಸ್ಟನ್ ತೂತಾಗುತ್ತೆ. ಒಟ್ಟು ಅರ್ಧ ಗಂಟೆ ಕೆಲಸ. ಅದಕ್ಕೂ ಪುರುಸೊತ್ತಿಲ್ಲ!

ಪುಲ್ಲಿಯ ಹಳೇ ಗುರುತನ್ನೇ ನಂಬೋರಿಗೂ ಒಂದು ಮಾತು. ಎಷ್ಟೋ ಡ್ಯಾಂಪರ್ ಪುಲ್ಲಿಗಳಲ್ಲಿ ಹೊರಗಿನ ಬಳೆಗೂ ಒಳಗಿನ ಹಬ್ಬಿಗೂ ನಡುವೆ ರಬ್ಬರ್ ಇರುತ್ತೆ. ರಬ್ಬರ್ ಹಳತಾದರೆ ಬಳೆ ಜಾರುತ್ತೆ, ಅದರ ಮೇಲಿನ ಗುರುತೂ ಜೊತೆಗೇ ಜಾರುತ್ತೆ. ಹಬ್ಬಿಂದ ಬಳೆಗೆ ದಾಟೋ ಹಾಗೆ ಒಂದು ಬಿಳಿ ಗೆರೆ ಎಳೆದಿಟ್ಟರೆ ಮುಂದೆ ಜಾರಿದ್ದು ಕಣ್ಣಿಗೇ ಕಾಣುತ್ತೆ. ಜಾರೋ ಬಳೆಗೇ ಟ್ರಿಗರ್ ವೀಲ್ ಬೋಲ್ಟ್ ಮಾಡೋ ಪುಣ್ಯಾತ್ಮರೂ ಇದ್ದಾರೆ. ದಯವಿಟ್ಟು ಬೇಡ. ವೀಲ್ ಕೂರಬೇಕಾದ್ದು ಹಬ್ಬಿಗೆ. ಬೋಲ್ಟಿನ ತೂತು ಸಡಿಲ ಇದ್ದರೆ ಡವೆಲ್ ಪಿನ್ ಹಾಕಿ, ಥ್ರೆಡ್‌ಲಾಕ್ ಹಚ್ಚಿ ಬಿಗಿ ಮಾಡಿ.

ಸೆನ್ಸರಿಗೂ ಹಲ್ಲಿಗೂ ನಡುವಿನ ಗ್ಯಾಪ್ ಬಗ್ಗೆ ಇರೋ ಉಡಾಫೆ ಇನ್ನೊಂದು. ಎರಡು ವೈರಿನ ವಿಆರ್ ಸೆನ್ಸರಿಗೆ (ಕಬ್ಬಿಣದ ಹಲ್ಲು ದಾಟಿದಾಗ ವಿದ್ಯುತ್ ಅಲೆ ಹುಟ್ಟಿಸೋ ಕಾಂತದ ಸೆನ್ಸರ್) ಸಾಮಾನ್ಯವಾಗಿ 0.75ರಿಂದ 1 ಮಿ.ಮೀ ಗ್ಯಾಪ್ ಸಾಕು. ಫೀಲರ್ ಗೇಜ್ ಒಂದೇ ಹಲ್ಲಿಗೆ ತೂರಿಸಿ ಮುಗೀತು ಅನ್ನಬೇಡಿ. ವೀಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನಾಲ್ಕಾರು ಕಡೆ ನೋಡಿ. ಒಂದು ಕಡೆ 0.6, ಎದುರು ಕಡೆ 1.2 ಬಂದರೆ ವೀಲ್ ನಡುಮಧ್ಯ ಕೂತಿಲ್ಲ ಅಂತಲೇ ಅರ್ಥ. ಸಿಗ್ನಲ್ ಸುತ್ತಿಗೊಮ್ಮೆ ಏರಿ ಇಳಿಯುತ್ತೆ, ಕ್ರ್ಯಾಂಕ್ ಮಾಡುವಾಗಿನ ನಿಧಾನ ವೇಗದಲ್ಲಿ ಹಲ್ಲುಗಳೇ ತಪ್ಪಿಹೋಗುತ್ತವೆ. ಬ್ರಾಕೆಟ್ ತಗಡಿನಷ್ಟು ತೆಳ್ಳಗಿದ್ದರೆ ಹೆಚ್ಚಿನ ಆರ್‌ಪಿಎಂನಲ್ಲಿ ಸೆನ್ಸರೇ ನಡುಗುತ್ತೆ. ವೀಲ್ ಕಬ್ಬಿಣ ಜಾತಿಯದ್ದೇ ಇರಬೇಕು. ಅಲ್ಯೂಮಿನಿಯಂ ವೀಲ್ ಎಷ್ಟೇ ಹೊಳೆದರೂ ವಿಆರ್ ಸೆನ್ಸರಿಗೆ ಕಾಣಲ್ಲ.

ವೈರ್ ಅದಲುಬದಲಾದರೆ ಕಥೆ ಕೆಡುತ್ತೆ. ವಿಆರ್ ಸೆನ್ಸರಿನ ಅಲೆ ಹಲ್ಲಿನ ನಡು ಎದುರು ಬಂದಾಗ ಕಡಿದಾಗಿ ಸೊನ್ನೆ ದಾಟುತ್ತೆ, ಇಸಿಯು ಹಿಡಿಯಬೇಕಾದ್ದು ಆ ಬಿಂದುವನ್ನೇ. ಎರಡು ವೈರ್ ಉಲ್ಟಾ ಆದರೆ ಅದು ಹಿಡಿಯೋದು ಹಲ್ಲುಗಳ ನಡುವಿನ ಸಂದನ್ನ. ಖಾಲಿ ಜಾಗದ ಹತ್ತಿರ ಆ ಅಲೆ ಚಪ್ಪಟೆಯಾಗಿ ಎಳೆದುಕೊಂಡಿರೋದರಿಂದ ಸೊನ್ನೆ ದಾಟೋ ಕ್ಷಣ ವೇಗದ ಜೊತೆ ಸರೀತಾ ಹೋಗುತ್ತೆ. ಐಡಲ್‌ನಲ್ಲಿ ಎಲ್ಲಾ ಸರಿ ಇದ್ದಂತೆ ಕಾಣುತ್ತೆ, ಆರ್‌ಪಿಎಂ ಏರಿದ ಹಾಗೆ ಟೈಮಿಂಗ್ ಅಲೆದಾಡುತ್ತೆ ಅಥವಾ ಸಿಂಕ್ ತಪ್ಪುತ್ತೆ, ಅಂದರೆ ಇಸಿಯುಗೆ ಹಲ್ಲಿನ ಲೆಕ್ಕವೇ ತಪ್ಪುತ್ತೆ. ಆಗ ಕಾಯಿಲ್ ಬದಲಾಯಿಸ್ತಾರೆ, ಪ್ಲಗ್ ಬದಲಾಯಿಸ್ತಾರೆ, ಇಸಿಯು ಕೆಟ್ಟಿದೆ ಅಂತಾರೆ. ಆ ಎರಡು ವೈರ್ ತಿರುಗಿಸಿ ನೋಡೋದು ಮಾತ್ರ ಕಟ್ಟಕಡೆಗೆ! ಅಲೆಯ ಬದಲು ಆನ್-ಆಫ್ ಸಿಗ್ನಲ್ ಕೊಡೋ ಹಾಲ್ ಸೆನ್ಸರ್ ಆದರೆ ಇಸಿಯುನಲ್ಲಿ ಆರಿಸಿದ ಅಂಚು ತಪ್ಪಿದ್ದರೂ ಇದೇ ಗೋಳು. ಹಲ್ಲು, ಸಂದು ಸಮ ಅಗಲ ಇರೋ 36-1ರಲ್ಲಿ ಏರೋ ಅಂಚಿಗೂ ಇಳಿಯೋ ಅಂಚಿಗೂ 5 ಡಿಗ್ರಿ ವ್ಯತ್ಯಾಸ.

ಇಷ್ಟಾದ ಮೇಲೆ ಟೈಮಿಂಗ್ ಲೈಟ್, ಕಿಡಿ ಹಾರಿದಾಗೆಲ್ಲ ಮಿಣುಕಿ ಪುಲ್ಲಿಯ ಗುರುತು ತೋರಿಸೋ ದೀಪ. ಅದಕ್ಕೂ ಮುಂಚೆ ಇಸಿಯುನಲ್ಲಿ ಟೈಮಿಂಗನ್ನು ಒಂದೇ ಸಂಖ್ಯೆಗೆ, ಉದಾಹರಣೆಗೆ 10 ಡಿಗ್ರಿಗೆ, ಲಾಕ್ ಮಾಡಿ. ಇದನ್ನ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ. ಲಾಕ್ ಮಾಡದೆ ಲೈಟ್ ಹಿಡಿದರೆ ಐಡಲ್ ಕಂಟ್ರೋಲು, ಬಿಸಿಗಾಳಿ ತಿದ್ದುಪಡಿ ಎಲ್ಲಾ ಸೇರಿ ಟೈಮಿಂಗ್ ಕುಣೀತಾ ಇರುತ್ತೆ. ಏನನ್ನ ಏನಕ್ಕೆ ಹೋಲಿಸ್ತೀರಿ? ಮೊದಲು ಇಂಜೆಕ್ಟರ್ ಫ್ಯೂಸ್ ತೆಗೆದು ಬರೀ ಕ್ರ್ಯಾಂಕ್ ಮಾಡಿ, ಲೈಟಿನಲ್ಲಿ ಗುರುತು 10ರ ಆಸುಪಾಸು ಬರ್ತಿದೆಯಾ ನೋಡಿ. ಬಂದರೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಲೈಟ್ 16 ತೋರಿಸಿದರೆ ಆಫ್‌ಸೆಟ್ 6 ಡಿಗ್ರಿ ತಿದ್ದಬೇಕು. ಕೂಡಬೇಕಾ ಕಳೀಬೇಕಾ ಅನ್ನೋದು ಇಸಿಯುನಿಂದ ಇಸಿಯುಗೆ ಬೇರೆ. 1 ಡಿಗ್ರಿ ಬದಲಾಯಿಸಿ ಗುರುತು ಯಾವ ಕಡೆ ಸರಿಯಿತು ನೋಡಿದರೆ ಗೊತ್ತಾಗುತ್ತೆ. ಲಾಕ್ ಮಾಡಿದ ಸಂಖ್ಯೆಯನ್ನೇ 10ರಿಂದ 4ಕ್ಕೆ ಇಳಿಸಿ ಲೈಟಿಗೆ ಹೊಂದಿಸಿದೆ ಅನ್ನೋರಿದ್ದಾರೆ. ಅಯ್ಯೋ, ಅದು ತಿದ್ದಿದ್ದಲ್ಲ, ತಪ್ಪನ್ನ ಮುಚ್ಚಿಟ್ಟಿದ್ದು.

ಲೈಟೂ ಮೋಸ ಮಾಡುತ್ತೆ. ಒಂದೇ ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡೋ ವೇಸ್ಟೆಡ್ ಸ್ಪಾರ್ಕ್ ವ್ಯವಸ್ಥೆಯಲ್ಲಿ ಪ್ಲಗ್ ಸುತ್ತಿಗೊಮ್ಮೆ ಕಿಡಿ ಕೊಡುತ್ತೆ. ಹಿಂದಕ್ಕೆ ತಿರುಗಿಸೋ ಡಯಲ್ ಇರೋ ಹಲವು ಲೈಟುಗಳು ಎರಡು ಸುತ್ತಿಗೊಮ್ಮೆ ಅಂತ ಲೆಕ್ಕ ಹಾಕಿ 10ನ್ನ 20 ಅಂತ ತೋರಿಸ್ತವೆ. ಡಯಲ್ ಸೊನ್ನೆಗಿಟ್ಟು ಪುಲ್ಲಿ ಮೇಲೇ 10 ಡಿಗ್ರಿಯ ಗುರುತು ಹಾಕಿಕೊಳ್ಳಿ. 160 ಮಿ.ಮೀ ಪುಲ್ಲಿಗೆ 10 ಡಿಗ್ರಿ ಅಂದರೆ ಅಂಚಿನ ಮೇಲೆ 14 ಮಿ.ಮೀ. ಪ್ಲಗ್ ವೈರಿಗೆ ಲೈಟಿನ ಕ್ಲ್ಯಾಂಪ್ ಹಿಡಿದರೂ ಲೈಟ್ ಮಿಣುಕದಿದ್ದರೆ ಅದನ್ನ ತಿರುಗಿಸಿ ಹಾಕಿ. ಜೋಡಿ ಕಾಯಿಲ್‌ನಲ್ಲಿ ಒಂದು ಪ್ಲಗ್ಗಿಗೆ ವಿದ್ಯುತ್ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತೆ.

ಐಡಲ್‌ನಲ್ಲಿ 10 ಬಂತು ಅಂತ ಲೈಟ್ ಎತ್ತಿಡೋದೇ ದೊಡ್ಡ ಸೋಮಾರಿತನ. ಲಾಕ್ ಹಾಗೇ ಇರಲಿ, 4000 ಆರ್‌ಪಿಎಂಗೆ ಏರಿಸಿ ಅಲ್ಲಾಡದ ಹಾಗೆ ಹಿಡಿದು ಮತ್ತೆ ನೋಡಿ. ಅಲ್ಲೂ 10 ಇರಬೇಕು. 8ಕ್ಕೆ ಜಾರಿದರೆ ಸಿಗ್ನಲ್ ದಾರಿಯಲ್ಲೆಲ್ಲೋ ವಿಳಂಬ ಇದೆ. 4000ದಲ್ಲಿ ಕ್ರ್ಯಾಂಕ್ 1 ಮಿಲಿಸೆಕೆಂಡಿಗೆ 24 ಡಿಗ್ರಿ ತಿರುಗುತ್ತೆ, 2 ಡಿಗ್ರಿ ಜಾರೋಕೆ 83 ಮೈಕ್ರೋಸೆಕೆಂಡ್ ಸಾಕು. ಸೆನ್ಸರ್ ವೈರ್ ಉಲ್ಟಾ ಇಲ್ಲ, ಲೈಟೂ ಸರಿ ಇದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಇಸಿಯುನ ವಿಳಂಬ ಸೆಟ್ಟಿಂಗಿನಲ್ಲಿ ತಿದ್ದಿ. ಆಫ್‌ಸೆಟ್ ಮುಟ್ಟಬೇಡಿ. ಮುಟ್ಟಿದರೆ ಮೇಲೆ ಸರಿಯಾಗಿದ್ದು ಕೆಳಗೆ ಕೆಡುತ್ತೆ.

ಇಷ್ಟೆಲ್ಲ ಮಾಡಿ ಕೊನೆಗೆ ಲಾಕ್ ತೆಗೆಯೋದನ್ನೇ ಮರೆತು ಗಾಡಿ ಕೈಗಿಡೋರನ್ನ ಏನಂತ ಬೈಬೇಕೋ ಗೊತ್ತಾಗಲ್ಲ. ಎಲ್ಲಾ ವೇಗದಲ್ಲೂ 10 ಡಿಗ್ರಿಯಲ್ಲೇ ಓಡೋ ಎಂಜಿನ್‌ಗೆ ದಮ್ಮೇ ಇರಲ್ಲ, ತಡವಾಗಿ ಹತ್ತಿದ ಬೆಂಕಿ ಎಕ್ಸಾಸ್ಟಿಗೆ ಹೋಗಿ ಮ್ಯಾನಿಫೋಲ್ಡ್ ಕೆಂಡದ ಹಾಗೆ ಕೆಂಪಾಗುತ್ತೆ. ಲಾಕ್ ತೆಗೆದು, ಬರ್ನ್ (ಇಸಿಯುನಲ್ಲಿ ಉಳಿಸೋ ಬಟನ್) ಒತ್ತಿ, ಕೀ ಆಫ್ ಮಾಡಿ ಆನ್ ಮಾಡಿ, ಅಡ್ವಾನ್ಸ್ (ಟಿಡಿಸಿಗಿಂತ ಎಷ್ಟು ಡಿಗ್ರಿ ಮುಂಚೆ ಕಿಡಿ ಅನ್ನೋದು) ಮ್ಯಾಪಿನ ಪ್ರಕಾರ ಏರ್ತಿದೆಯಾ ಅಂತ ಲೈಟಿನಲ್ಲೇ ನೋಡಿ. ಆಮೇಲೆ ಕೀ ಕೊಡಿ.