ಮೂವತ್ತೈದು ಸುತ್ತಿನ ಭಾವ

ನಮ್ಮ ಮನೆ ಇಸ್ತ್ರಿ ಪೆಟ್ಟಿಗೆ ಎರಡು ದಿನದಿಂದ ತಣ್ಣಗೆ ಕೂತಿದೆ. ಅದರ ಪ್ಲಗ್ಗನ್ನು ಭಾವನ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡಿದೆ. ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ವೈರ್ ಕಿತ್ತರೆ ಅದೂ ಅಲ್ಲೇ ಕಣ್ಣು ಮುಚ್ಚುತ್ತದೆ.

ಅದನ್ನು ಯಾರಿಗೋ ಕೊಡಬೇಕಂತೆ. "ನಿಂಗೆ ಕಂಪ್ಯೂಟರ್ ಗೊತ್ತಲ್ವಾ, ಒಳಗಿರೋದನ್ನೆಲ್ಲ ಅಳಿಸಿಕೊಡು" ಅಂದರು. ಸುಮ್ನೆ ಅಳಿಸಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ವಿವರಿಸಲು ಹೋದೆ. ಡಿಲೀಟ್ ಒತ್ತಿದರೆ ಮನೆ ಮುಂದಿನ ಹೆಸರಿನ ಬೋರ್ಡು ಹೋಗುತ್ತೆ ಭಾವ, ಒಳಗಿರೋರು ಹಾಗೇ ಇರ್ತಾರೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಹಳೇದರ ಮೇಲೆ ಬೇರೇನಾದರೂ ಬರೆಯಬೇಕು. ಒಂದು ಸುತ್ತು ಬರೀ ಸೊನ್ನೆ ಬರೆದರೆ ಸಾಕು.

ಭಾವ ಯಾವುದಕ್ಕೂ 'ಸಾಕು' ಅಂದವರಲ್ಲ. ಬೀಗ ಹಾಕಿ ಮೂರು ಸಲ ಜಗ್ಗುತ್ತಾರೆ. ಗೇಟಿನ ತನಕ ಹೋಗಿ ನಾಲ್ಕನೇ ಸಲ ಜಗ್ಗಲು ವಾಪಸ್ ಬರುತ್ತಾರೆ. ಅಂಥವರ ಕಣ್ಣಿಗೆ ಅಳಿಸೋ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಒಂದು ಸಾಲು ಬಿತ್ತು: ಗುಟ್ಮನ್, 35 ಸುತ್ತು.

"35 ಇರೋವಾಗ ಒಂದ್ಯಾಕೆ?"

ಪೀಟರ್ ಗುಟ್ಮನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1996ರಲ್ಲಿ ಹೇಳಿದ ಲೆಕ್ಕ ಅದು. ಆಗಿನ ಥರಾವರಿ ಡಿಸ್ಕ್‌ಗಳಿಗೆಲ್ಲ ಸೇರಿಸಿ 35. ಈಗಿನ ಡಿಸ್ಕ್‌ಗೆ ಅಷ್ಟೂ ಬೇಕಾಗಿಲ್ಲ. ಜನ ಇದನ್ನು ದೆವ್ವ ಓಡಿಸೋ ಮಂತ್ರದ ಥರ ಮಾಡಿಕೊಂಡಿದ್ದಾರೆ ಅಂತ ಆಮೇಲೆ ಅವರೇ ಗೊಣಗಿದ್ದಾರೆ. ಭಾವನಿಗೆ ಹೇಳಿದೆ. "ಮಂತ್ರ ಅಂದ್ಮೇಲೆ ಪೂರ್ತಿ ಹೇಳ್ಬೇಕು" ಅಂದರು.

500 ಜಿಬಿ ಡಿಸ್ಕು. ಒಂದು ಸುತ್ತಿಗೆ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಲೆಕ್ಕ ನೀವೇ ಹಾಕಿ. ಮುಗಿಯೋ ತನಕ ಭಾವನ ವಾಸ್ತವ್ಯವೂ ನಮ್ಮಲ್ಲೇ.

ಸೋಮವಾರ ಬೆಳಗ್ಗೆ ಅರ್ಧ ನಿದ್ದೆಯಲ್ಲಿ, ಅಂಗಿ ಹಿಡಿದುಕೊಂಡು, ಅಭ್ಯಾಸಬಲದಿಂದ ಪ್ಲಗ್ ಕಿತ್ತೆ. ಸ್ಕ್ರೀನ್ ಕಪ್ಪಾಯಿತು. ಭಾವ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. ಇಸ್ತ್ರಿ ಪೆಟ್ಟಿಗೆ ನೋಡಿದರು. ನನ್ನನ್ನು ನೋಡಿದರು.

"ಎಷ್ಟನೇದು?"

"ಹದಿನೈದು."

ಬ್ರಷ್ ತೆಗೆದರು. "ಮೊದಲಿಂದ."

ಹದಿನಾಲ್ಕು ಸಲ ಅಳಿಸಿದ್ದನ್ನು ಮತ್ತೆ ಮೊದಲಿಂದ ಅಳಿಸಬೇಕಂತೆ! ಅಲ್ಲೇನು ಉಳಿದಿದೆ ಅಂತ? ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಪ್ಲಗ್ಗಿನ ಮೇಲೆ 'ಮುಟ್ಟಬೇಡಿ' ಅನ್ನುವ ಚೀಟಿ ಬಂತು, ಎರಡು ಕಡೆ ಟೇಪ್ ಹಾಕಿ.

ಇಷ್ಟೆಲ್ಲ ಶುರುವಾಗುವ ಮುಂಚೆ ಫೋಲ್ಡರ್‌ಗಳನ್ನು ಒಮ್ಮೆ ನೋಡಿದ್ದೆವು. ಒಂದು ಫೋಟೋದಲ್ಲಿ ಅಮ್ಮ ಇದ್ದಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳೊಬ್ಬಳು ಅಡುಗೆಮನೆ ಕಡೆ ನೋಡುತ್ತಿದ್ದಾಳೆ, ಒಲೆ ಮೇಲೆ ಏನೋ ಇಟ್ಟು ಬಂದಿರಬೇಕು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದನ್ನ ಮೂರು ಕಡೆ ಕಾಪಿ ಮಾಡಿಡು" ಅಂದರು. ನಾನು ನಾಲ್ಕು ಕಡೆ ಮಾಡಿದೆ.

ಭಾವನ ಹೊಸ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದೆ, ತಿರುಗೋ ತಟ್ಟೆ ಇಲ್ಲದ ಹೊಸ ಥರದ ಡಿಸ್ಕು. ಅದರಲ್ಲಿ ನಾವು ಮೇಲೆ ಬರೆದದ್ದು ಹಳೇ ಜಾಗಕ್ಕೇ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಒಳಗಿನ ಚಿಪ್ ತನಗೆ ಬೇಕಾದ ಕಡೆ ಬರೆದುಕೊಳ್ಳುತ್ತೆ. ಅದಕ್ಕೆ ಸೆಕ್ಯೂರ್ ಇರೇಸ್ ಅಂತ ಬೇರೆಯದೇ ದಾರಿ. ಇದನ್ನು ದಯವಿಟ್ಟು ಯಾರೂ ಅವರಿಗೆ ಹೇಳಬೇಡಿ.

ಈಗ 17ನೇ ಸುತ್ತು. ಮುದುಡಿದ ಅಂಗಿಯಲ್ಲೇ ಆಫೀಸಿಗೆ ಹೊರಟಿದ್ದೇನೆ. ಭಾವ ನನ್ನ ಹಿಂದೆ ಬಾಗಿಲು ಹಾಕಿ ಜಗ್ಗುತ್ತಿರುವ ಸದ್ದು ಕೇಳುತ್ತಿದೆ.