ಯೂರಿಯಾಕ್ಕೆ ಹ್ಯೂಮಿಕ್ ಬೆರೆಸಬೇಕಾ? ಅಳಿಯನ ಮಾತು, ಮಾವನ ಮಾತು

ಪರ: ಹಾವೇರಿ ತಾಲೂಕಿನ ಅಳಿಯ

ಗೋವಿನಜೋಳಕ್ಕೆ ಮೇಲುಗೊಬ್ಬರ ಕೊಡುವ ದಿನ ನಮ್ಮ ಅಂಗಳದಲ್ಲಿ ತಾಡಪತ್ರಿ ಹಾಸಿರುತ್ತದೆ. ಅದರ ಮೇಲೆ ಒಂದು ಚೀಲ ಯೂರಿಯಾ ಸುರುವುತ್ತೇವೆ. ಯೂರಿಯಾದ ಸಾರಜನಕ ಪೋಲಾಗದಿರಲಿ ಅಂತ, ಅಂಗಡಿಯಲ್ಲಿ ಸಿಗುವ ಹ್ಯೂಮಿಕ್ ಎಂಬ ಕರಿ ಪುಡಿಯನ್ನು ಒಂದು ಕಿಲೋ ಉದುರಿಸಿ ಎರಡೂ ಕೈಯಿಂದ ಮಗುಚುತ್ತೇವೆ. ಹತ್ತು ನಿಮಿಷದಲ್ಲಿ ಬೆಳ್ಳಗಿನ ಕಾಳೆಲ್ಲ ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಮುಂದೆಯೂ ಮಾಡುತ್ತೇನೆ.

ಎಕರೆಗೆ 40 ಕಿಲೋ ಸಾರಜನಕ ಕೊಡಬೇಕು ಅಂದರೆ ಯೂರಿಯಾ ಲೆಕ್ಕದಲ್ಲಿ 87 ಕಿಲೋ, ಹೆಚ್ಚೂಕಡಿಮೆ ಎರಡು ಚೀಲ. ಅದರಲ್ಲಿ ಅರ್ಧವೂ ಬೆಳೆಗೆ ಸಿಗುವುದು ಕಷ್ಟ. ಹಸಿ ತಾಗಿದ ಕೂಡಲೇ ಯೂರಿಯಾ ಕರಗುತ್ತದೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಆಗ ಹುಟ್ಟುವ ಅಮೋನಿಯಾ ಗಾಳಿಗೆ ಹಾರುತ್ತದೆ. ನಂಬಿಕೆ ಬರದಿದ್ದರೆ ಒಂದು ಬಾಟಲಿಗೆ ಹಸಿ ಮಣ್ಣು ಹಾಕಿ, ಒಂದು ಚಮಚ ಯೂರಿಯಾ ಸೇರಿಸಿ ಮುಚ್ಚಳ ಬಿಗಿದಿಡಿ. ಎರಡು ಮೂರು ದಿನ ಬಿಟ್ಟು ತೆಗೆದರೆ ಘಾಟು ಮೂಗಿಗೆ ಹೊಡೆಯುತ್ತದೆ. ಆ ಘಾಟೇ ನಮ್ಮ ದುಡ್ಡು, ಅಲ್ವಾ?

2015ರಿಂದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ ಆಗಿದೆ. ಹಾರದೆ ಮಣ್ಣಿನಲ್ಲಿ ಉಳಿದ ಅಮೋನಿಯಾ ಅಮೋನಿಯಂ ಆಗುತ್ತದೆ, ಆ ಅಮೋನಿಯಂ ಮುಂದೆ ನೈಟ್ರೇಟ್‌ಗೆ ತಿರುಗುವುದನ್ನು ಬೇವು ನಿಧಾನ ಮಾಡುತ್ತದೆ. ನಮ್ಮ ಮಸಾರಿ (ಕೆಂಪು) ಮಣ್ಣಿನಲ್ಲಿ ನೈಟ್ರೇಟ್ ಮಳೆ ನೀರಿನ ಜೊತೆ ಬಸಿದುಹೋಗುವುದು ಅದರಿಂದ ಒಂದಿಷ್ಟು ತಪ್ಪುತ್ತದೆ. ಆದರೆ ಅದಕ್ಕೂ ಮೊದಲೇ ಹಾರುವ ಅಮೋನಿಯಾವನ್ನು ಬೇವು ಹಿಡಿಯುವುದಿಲ್ಲ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ತಲೆಬಾಗಿಲು ತೆಗೆದಿಟ್ಟ ಹಾಗಾಯಿತು.

ಹ್ಯೂಮಿಕ್ ಅಂದರೆ ತಿಪ್ಪೆಯಲ್ಲಿ ಎಲ್ಲ ಕೊಳೆತು ಕಡೆಗೆ ಉಳಿಯುವ ಕಪ್ಪು ಸಾರ ಇದೆಯಲ್ಲ, ಅದೇ ಜಾತಿಯದು. ಅಂಗಡಿಯದನ್ನು ಹೆಚ್ಚಾಗಿ ಲಿಗ್ನೈಟ್, ಲಿಯೊನಾರ್ಡೈಟ್ ಎಂಬ ಕಂದು ಕಲ್ಲಿದ್ದಲಿನಂಥ ಪದಾರ್ಥದಿಂದ ತೆಗೆಯುತ್ತಾರೆ. ಅದಕ್ಕೆ ಅಮೋನಿಯಂ ಹಿಡಿದಿಟ್ಟುಕೊಳ್ಳುವ ಗುಣ ಇದೆ. ಯೂರಿಯೇಸ್‌ನ ಓಟವನ್ನು ಅದು ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಚೀನಾದಲ್ಲಿ ಹ್ಯೂಮಿಕ್ ಸೇರಿದ ಯೂರಿಯಾ ಕಾರ್ಖಾನೆಯಿಂದಲೇ ಬರುತ್ತದೆ. ನಮ್ಮಲ್ಲೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಜೈವಿಕ ಉತ್ತೇಜಕಗಳನ್ನು, ಅಂದರೆ ಬೆಳೆಗೆ ಚುರುಕು ಕೊಡುವ ಪದಾರ್ಥಗಳನ್ನು, ತಂದಾಗ ಹ್ಯೂಮಿಕ್ ಕೂಡ ಸೇರಿತು.

ಮೊದಲ ವರ್ಷ ಪುನರ್ವಸು ಮಳೆಯ ಹಸಿಯಲ್ಲಿ ಕರಿ ಯೂರಿಯಾ ಹಾಕಿ, ಅದೇ ದಿನ ಎಡೆ ಹೊಡೆದೆ, ಅಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿದೆ. ಹಿಂದೆಲ್ಲ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿ ಆಗುತ್ತಾ ಬರುತ್ತಿದ್ದವು. ಆ ವರ್ಷ ತುದಿಯಲ್ಲಿ ಸೂಲಂಗಿ ಹೂ ಬರುವ ತನಕ ಹಸಿರು ಬಿಡಲಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ವಿರೋಧ: ರೋಣದ ಮಾವ

ಅಳಿಯ ಒಂದು ಮಾತನ್ನು ಸುಮ್ನೆ ದಾಟಿಬಿಟ್ಟ. "ಅದೇ ದಿನ ಎಡೆ ಹೊಡೆದೆ" ಅಂದನಲ್ಲ, ಅದು. ಅದರ ಹಿಂದಿನ ವರ್ಷಗಳಲ್ಲಿ ಅವನು ಯೂರಿಯಾ ಉಗ್ಗಿ ಮನೆಗೆ ಹೋಗುತ್ತಿದ್ದ. ಮಳೆ ಬಂದರೆ ಬಂತು, ಇಲ್ಲದಿದ್ದರೆ ವಾರಗಟ್ಟಲೆ ಕಾಳು ಮಣ್ಣಿನ ಮೇಲೇ ಬಿದ್ದಿರುತ್ತಿತ್ತು. ಎಡೆಕುಂಟೆ ಹಾಯಿಸಿ ಎರಡು ಬೆರಳು ಮಣ್ಣು ಮುಚ್ಚಿದರೆ ಅಮೋನಿಯಾ ಹಾರುವುದು ಬಹಳ ತಗ್ಗುತ್ತದೆ. ಎಲೆ ಹಸಿರಾಗಿದ್ದು ಕರಿ ಪುಡಿಯಿಂದಲೋ ಕುಂಟೆಯಿಂದಲೋ? ಅವನ ಹೊಲದಲ್ಲಿ ಅದನ್ನು ಹೇಳುವ ಒಂದು ಸಾಲೂ ಇಲ್ಲ.

ಇನ್ನು ಆ ಹ್ಯೂಮಿಕ್ ಪುಡಿಯ ಡಬ್ಬಿಯ ವಿಷಯ. ಮೇಲೆ ಹ್ಯೂಮಿಕ್ ಆಸಿಡ್ ಎಂದು ಬರೆದಿರುತ್ತದೆ. ಆದರೆ ನೀರಿನಲ್ಲಿ ಚೆನ್ನಾಗಿ ಕರಗುವ ಆ ಕರಿ ಪುಡಿ ಸಾಮಾನ್ಯವಾಗಿ ಪೊಟ್ಯಾಸಿಯಂ ಹ್ಯೂಮೇಟ್. ಕಾಸ್ಟಿಕ್ ಪೊಟ್ಯಾಷ್ ಹಾಕಿ ತೆಗೆದದ್ದು. ಕರಗಿಸಿದರೆ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 9, 10ರ ತನಕ ಹೋಗುತ್ತದೆ. ಅಮೋನಿಯಾ ಹಾರುವುದೇ ಮಣ್ಣು ಕ್ಷಾರ ಆದಾಗ. ಹುಳಿ ಗುಣದ ಹ್ಯೂಮಿಕ್ ಆಮ್ಲ ಬಳಸಿ ಬಂದ ಫಲಿತಾಂಶವನ್ನು ಈ ಕ್ಷಾರದ ಪುಡಿಗೆ ಹೇಗೆ ಹಚ್ಚುವುದು? ನನಗೆ ಎಲ್ಲಕ್ಕಿಂತ ಜಾಸ್ತಿ ತಕರಾರು ಇರುವುದು ಇದರ ಮೇಲೆ.

ನಾನೂ ಬಳಸದೇ ಮಾತಾಡುತ್ತಿಲ್ಲ. ಉಳ್ಳಾಗಡ್ಡಿಗೆ ಒಂದು ವರ್ಷ ಹಾಕಿದ್ದೆ. ಬೋರಿನ ನೀರಿಗೆ ಪುಡಿ ಕಲಸಿ ಊಟಕ್ಕೆ ಹೋಗಿ ಬಂದೆ. ಬ್ಯಾರಲ್ ಬಗ್ಗಿಸಿದರೆ ತಳದಲ್ಲಿ ನಾಲ್ಕು ಬೆರಳು ಕರಿ ಗಸಿ, ಮೇಲೆ ಚಹಾದಂಥ ತಿಳಿನೀರು. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಮೊಸರಿನ ಹಾಗೆ ಒಡೆದುಹಾಕಿತ್ತು. ನಮ್ಮ ಎರೆ (ಕಪ್ಪು) ಭೂಮಿಯಲ್ಲೋ ಅಗೆದಲ್ಲೆಲ್ಲ ಸುಣ್ಣದ ಹರಳು, ಅದರಲ್ಲೂ ಅದೇ ಕ್ಯಾಲ್ಸಿಯಂ. ಬ್ಯಾರಲ್‌ನಲ್ಲಿ ಆದದ್ದು ಹೊಲದಲ್ಲಿ ಆಗುವುದಿಲ್ಲ ಎಂದು ಹೇಗೆ ನಂಬಲಿ?

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಕಸಕಡ್ಡಿಯಿಂದ ಮಣ್ಣಿನಲ್ಲಿ ಉಳಿದ ಇಂಗಾಲ, ಶೇಕಡಾ 0.4 ಬಂದರೆ ಅದು ಕಡಿಮೆ ಎಂದೇ ಲೆಕ್ಕ. ಆ ಕಡಿಮೆಯೇ 3,200 ಕಿಲೋ ಇಂಗಾಲ ಆಯಿತು. ಅದರ ಮುಂದೆ ಎರಡು ಕಿಲೋ ಪುಡಿ ಎಷ್ಟರದು? ಕಾಳಿನ ಮೈಗೆ ಹತ್ತಿದ್ದರೆ ಸಾಕು ಎನ್ನುವವರೂ ಇದ್ದಾರೆ. ಅದರಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. ಆದರೆ ಯೂರಿಯಾ ಕರಗಿ ನೀರಿನ ಜೊತೆ ನಡೆದುಬಿಡುತ್ತದೆ, ಕರಿ ಅಂಗಿ ಅಲ್ಲೇ ಕಳಚಿ ಬೀಳುತ್ತದೆ.

ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ. ನಾನು ತಂದ ಡಬ್ಬಿ ಅದಕ್ಕಿಂತ ತುಟ್ಟಿ. ಯೂರಿಯಾ ಅಭಾವ ಇದ್ದಾಗ "ಇದನ್ನೂ ತಗೊಂಡ್ರೆ ಚೀಲ ಕೊಡ್ತೀವಿ" ಎಂಬ ಮಾತನ್ನೂ ಅಂಗಡಿ ಮುಂದೆ ನಿಂತು ಕೇಳಿದ್ದೇನೆ. ಅವತ್ತು ಬಿತ್ತಿದವನಿಗೆ ಬೇರೆ ದಾರಿ ಇರುವುದಿಲ್ಲ, ಅದು ಹೊಟ್ಟೆ ಉರಿಸುತ್ತದೆ. ಆ ದುಡ್ಡಿಗೆ ಎರಡು ಬುಟ್ಟಿ ತಿಪ್ಪೆ ಗೊಬ್ಬರ ಜಾಸ್ತಿ ಹಾಕಬಹುದು. ಒಂದೇ ಸಲ ಸುರಿಯುವ ಯೂರಿಯಾವನ್ನು ಎರಡು ಮೂರು ಕಂತು ಮಾಡಿ, ಹಸಿ ನೋಡಿ ಕೊಡಲು ಒಂದು ಆಳಿನ ಕೂಲಿ ಕೊಡಬಹುದು.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ. ಬರುವ ಮುಂಗಾರಿಗೆ ಹೊಲದ ನಡುವೆ ಎಂಟು ಸಾಲು ಬರೀ ಯೂರಿಯಾ ಹಾಕು. ಪಕ್ಕದ ಎಂಟಕ್ಕೆ ನಿನ್ನ ಕರಿ ಯೂರಿಯಾ ಹಾಕು. ಎರಡಕ್ಕೂ ಒಂದೇ ದಿನ ಎಡೆ ಹೊಡೆ. ತೆನೆ ಮುರಿಯುವಾಗ ಬೇರೆ ಬೇರೆ ಚೀಲಕ್ಕೆ ತುಂಬು. ತಕ್ಕಡಿ ನಾನು ತರುತ್ತೇನೆ.